ದೊಡ್ಡಪ್ಪನ ಎಡಗಾಲಿನ ವ್ರತ

ಫೆಬ್ರವರಿ ೩, ಸೋಮವಾರ

ಇಂದು ಮಧ್ಯಾಹ್ನ ಊಟವಾದ ಮೇಲೆ ನಮ್ಮ ನಡುಮನೆಯಲ್ಲಿ ನ್ಯಾಯಾಲಯ ಕೂಡಿತು. ನ್ಯಾಯಾಧೀಶರು ಅವ್ವ. ಆರೋಪಿ ನಾನು: ಶಾಂಭವಿ, ವಯಸ್ಸು ಇಪ್ಪತ್ತು, ಬಿ.ಕಾಂ. ಕೊನೆಯ ವರ್ಷ, ಹಿಂದಿನ ಅಪರಾಧಗಳು ಅನೇಕ.

ಆರೋಪ ಹೀಗಿದೆ. ಮೊನ್ನೆ ದುರ್ಗದಬೈಲಿನ ನಮ್ಮ ಸೀರೆ ಅಂಗಡಿಯಲ್ಲಿ, ದೊಡ್ಡಪ್ಪ ಚಹಾ ಕುಡಿಯಲು ಹೋದ ಸಮಯ ಸಾಧಿಸಿ, ಸೊಂಟದವರೆಗಿನ ಬೊಂಬೆಯೊಂದಕ್ಕೆ ಅವರ ಕರಿ ಕೋಟು, ಟೋಪಿ ತೊಡಿಸಿ ಗಾದಿಯ ಮೇಲೆ ಕೂಡಿಸಿದ್ದು. ಎದುರಂಗಡಿಯ ಗುರುಶಿದ್ದಪ್ಪ ಕಾಕಾ ಅದಕ್ಕೆ ಮೂರು ಸಲ "ನಮಸ್ಕಾರ್ರಿ ದ್ಯಾಮಣ್ಣಾರ" ಅಂದರಂತೆ. ಬೊಂಬೆ ಮಾತಾಡಲಿಲ್ಲ. ಸಂಜೆಯೊಳಗೆ "ದ್ಯಾಮಣ್ಣಗ ಸೊಕ್ಕು ಬಂದೈತಿ" ಎಂಬ ಸುದ್ದಿ ಇಡೀ ಸಾಲಿಗೆ ಹಬ್ಬಿತು.

"ಬೊಂಬಿಗೂ ಮನಿಶ್ಯಾಗೂ ಫರಕ್ ಗೊತ್ತಾಗಲಿಲ್ಲಂದ್ರ ತಪ್ಪು ಬೊಂಬಿದಲ್ಲ" ಎಂದು ನಾನು ವಾದಿಸಿದೆ.

"ಬಾಯಿ ಮುಚ್ಚು" ಎಂದು ನ್ಯಾಯಾಲಯ ಹೇಳಿತು. "ನಾಳಿಂದ ನಸುಕಿನ್ಯಾಗ ಎದ್ದು ದೊಡ್ಡಪ್ಪನ ಕಾಲಿಗೆ ಚೀಲ ಹಾಕೋದು ನಿನ್ನ ಕೆಲಸ. ಗಾಯ ಮಾಯೂತನಕ."

ದೊಡ್ಡಪ್ಪನ ಎಡಗಾಲಿನ ಗಂಟಿನ ಒಳಮಗ್ಗುಲಿಗೆ ರೂಪಾಯಿ ನಾಣ್ಯದಷ್ಟು ಒಂದು ಗಾಯವಿದೆ. ದೀಪಾವಳಿಗೆ ಬಂದದ್ದು, ಹೋಗುವ ಲಕ್ಷಣ ತೋರಿಸಿಲ್ಲ. ಈಗ ಡಾಕ್ಟರು ಅದೆಂಥದೋ ಬಿಗಿ ಕಾಲಚೀಲ ಹಾಕಬೇಕು ಎಂದಿದ್ದಾರೆ. ಅದನ್ನು ಎಳೆದು ಹಾಕಲು ದೊಡ್ಡವ್ವನ ಮಣಿಕಟ್ಟಿನಲ್ಲಿ ಶಕ್ತಿಯಿಲ್ಲ.

ಮೇಲ್ಮನವಿಗೆ ಅವಕಾಶವಿಲ್ಲ. ಎಂಟು ಗಂಟೆಯ ಮೊದಲು ಎದ್ದರೆ ನನ್ನ ಮುಖಲಕ್ಷಣ ಕೆಡುತ್ತದೆ ಎಂಬುದನ್ನೂ ಯಾರೂ ದಾಖಲಿಸಿಕೊಳ್ಳಲಿಲ್ಲ.

ಫೆಬ್ರವರಿ ೪, ಮಂಗಳವಾರ

ತರಬೇತಿಗಾಗಿ ಕೈದಿಯನ್ನು ದೇಶಪಾಂಡೆ ನಗರದ ದವಾಖಾನೆಗೆ ಕರೆದೊಯ್ಯಲಾಯಿತು. ಡಾಕ್ಟರ್ ಉಮಾಶ್ರೀ ತೆಳ್ಳಗೆ, ಚುರುಕಾಗಿ ಇದ್ದಾರೆ. ಮೊದಲು ಪೆನ್ನಿನಂಥ ಒಂದು ಯಂತ್ರವನ್ನು ದೊಡ್ಡಪ್ಪನ ಪಾದದ ಮೇಲಿಟ್ಟು ಕೇಳಿಸಿಕೊಂಡರು. ಪಾದಕ್ಕೆ ರಕ್ತ ಇಳಿಯುವ ನಾಳ ಚೆನ್ನಾಗಿದ್ದರೆ ಮಾತ್ರ ಈ ಚೀಲ ಹಾಕಬಹುದಂತೆ. ಇಲ್ಲದಿದ್ದರೆ ಅಪಾಯ.

"ಇಳಿಯೋದು ಛಲೋ ಅದ ಕಾಕಾ. ಏರೋದ ತ್ರಾಸು. ನಿಮ್ಮ ಮನ್ಯಾಗ ಸಂಪ್ ಅದ ಹೌದಲ್ರಿ? ನೀರು ಮ್ಯಾಲಿನ ಟಾಕಿಗೆ ಹೋಗಬೇಕಂದ್ರ ಏನು ಬೇಕು?"

"ಮೋಟರ್ ಬೇಕು" ಎಂದರು ದೊಡ್ಡಪ್ಪ. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದು ಯಾರಿಗೆ ಗೊತ್ತಿಲ್ಲ?

"ಮೋಟರ್ ಬಂದ್ ಆದ ಮ್ಯಾಲ ಏರಿದ ನೀರು ತಿರುಗಿ ಕೆಳಗ ಬರಬಾರದಂದ್ರ?"

"ವಾಲ್ವ್ ಬೇಕು."

"ಕಾಲಾಗೂ ಅಷ್ಟ ರೀ. ಮೀನಖಂಡ ಅನ್ನೋದು ಮೋಟರ್. ನಡದ್ರ ಓಡ್ತದ, ನಿಂತ್ರ ಬಂದ್. ನೀವು ನಲವತ್ತು ವರ್ಷ ಒಂದ ಕಡೆ ನಿಂತು ಸೀರಿ ತೋರಿಸೀರಿ. ವಾಲ್ವ್ ಲೀಕ್ ಆಗ್ಯಾವ. ರಕ್ತ ಕೆಳಗ ಮಡುಗಟ್ಟಿ, ನರ ಉಬ್ಬಿ, ಚರ್ಮ ಒಡದದ."

"ವಾಷರ್ ಬದಲಿ ಮಾಡಿ ಬಿಡ್ರಲ್ಲ."

ಡಾಕ್ಟರು ನಗಲಿಲ್ಲ. ಚೀಲ ತೆಗೆದು ತೋರಿಸಿದರು. ಕಾಲಗಂಟಿನ ಹತ್ತಿರ ತೀರ ಬಿಗಿ, ಮೇಲೆ ಹೋದಂತೆ ಸಡಿಲ. ಟೂತ್‌ಪೇಸ್ಟಿನ ಟ್ಯೂಬನ್ನು ಬುಡದಿಂದ ಹಿಚುಕಿದಂತೆ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಬೆಳಿಗ್ಗೆ ಕಾಲು ಬಾಯುವ ಮೊದಲೇ ಹಾಕಬೇಕು. ಸುಕ್ಕು ಇರಬಾರದು. ಮೇಲಿನ ಅಂಚು ಮಡಚಬಾರದು.

ನಲವತ್ತು ವರ್ಷ ಬಟ್ಟೆ ಮಾರಿದ ಮನುಷ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, ಬೆಳಕಿಗೆ ಹಿಡಿದು ನೋಡಿದರು. "ನೈಲಾನ್ ಮಿಕ್ಸ್. ಇಷ್ಟು ರೊಕ್ಕದಾಗ ಒಂದು ಛಲೋ ಇಳಕಲ್ ಸೀರಿ ಬರತಿತ್ತು." ಆಮೇಲೆ ಬಣ್ಣದತ್ತ ಗಮನ ಹೋಯಿತು. ಮೈಬಣ್ಣ. ಮುಖ ಸಣ್ಣದಾಯಿತು. "ಡಾಕ್ಟರ್ ಅವ್ವಾರ, ಇದು ಹೆಂಗಸರದಲ್ಲೇನ್ರಿ?"

"ಕಾಲಿಗೆ ಗಂಡು ಹೆಣ್ಣು ಇಲ್ರಿ. ಯುಗಾದಿಯೊಳಗ ಗಾಯ ಮುಚ್ಚಲಿಲ್ಲಂದ್ರ ತೊಡಿ ಚರ್ಮ ತಗದು ಅಲ್ಲಿ ಹಚ್ಚಬೇಕಾಗ್ತದ. ಆಮ್ಯಾಲ ತಿಂಗಳಾನುಗಟ್ಲೆ ಅಂಗಡಿ ಕಡೆ ಹಾಯಂಗಿಲ್ಲ."

ಬರುವಾಗ ಆಟೋದಲ್ಲಿ ದೊಡ್ಡಪ್ಪ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡರು. "ಈ ಚೀಲದ ಸುದ್ದಿ ಗುರುಶಿದ್ದಗ ಗೊತ್ತಾಗಬಾರದವಾ. ಗೊತ್ತಾತಂದ್ರ ನಾ ದುರ್ಗದಬೈಲದಾಗ ತಲಿ ಎತ್ತಿ ನಿಲ್ಲಂಗಿಲ್ಲ."

ದುರ್ಗದಬೈಲಿನ ಅತ್ಯುತ್ತಮ ಸುದ್ದಿ ನನ್ನ ಕೈಯಲ್ಲಿದೆ, ನನಗೇ ಆಣೆ. ವಿಧಿಯ ಕ್ರೌರ್ಯಕ್ಕೆ ಮಿತಿ ಇಲ್ಲ.

ಫೆಬ್ರವರಿ ೫, ಬುಧವಾರ

ಮೊದಲ ಬೆಳಗಿನಲ್ಲೇ ಧರ್ಮಸಂಕಟ. ಹಾಸಿಗೆಯಿಂದ ಏಳುವ ಮೊದಲೇ ಚೀಲ ಹಾಕಬೇಕು. ದೊಡ್ಡಪ್ಪನಾದರೋ ಜಳಕ ಮಾಡಿ ಲಿಂಗಪೂಜೆ ಮುಗಿಯುವವರೆಗೆ ನೂಲಿನೆಳೆಯನ್ನೂ ಮೈಗೆ ಸೋಂಕಿಸುವುದಿಲ್ಲ, ಮಡಿ ಪಂಚೆ ಬಿಟ್ಟು. ಡಾಕ್ಟರಿಗೆ ಫೋನು ಹೋಯಿತು. ಪೂಜೆ ಮುಗಿಸಿ ಮತ್ತೆ ಮಲಗಿ, ಕಾಲ ಕೆಳಗೆ ಲೋಡುದಿಂಬು ಕೊಟ್ಟು, ಬಾವು ಇಳಿದ ಮೇಲೆ ಹಾಕಿರಿ ಎಂದು ರಾಜಿ ಆಯಿತು.

ಹಾಗಾಗಿ ವಿಭೂತಿ ಹಚ್ಚಿಕೊಂಡ ದೊಡ್ಡಪ್ಪ ಗೋಡೆಗೆ ಕಾಲೆತ್ತಿ ಮಲಗುತ್ತಾರೆ, ನಾನು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟು ಹಾಜರಾಗುತ್ತೇನೆ. ಮೊದಲು ಗಾಯಕ್ಕೆ ಪಟ್ಟಿ. ಚೀಲವನ್ನು ಹಿಮ್ಮಡಿಯವರೆಗೆ ಒಳಗು ಹೊರಗು ಮಾಡಬೇಕು, ಪಾದ ತೂರಿಸಬೇಕು, ಹಿಮ್ಮಡಿಯನ್ನು ಅದರ ಜಾಗದಲ್ಲಿ ಕೂರಿಸಬೇಕು, ಉಳಿದದ್ದನ್ನು ಇಂಚಿಂಚು ಏರಿಸಬೇಕು. ಓದಲು ಸುಲಭ. ಮಾಡಲು, ಎಮ್ಮೆಗೆ ಕುಪ್ಪಸ ತೊಡಿಸಿದಂತೆ.

"ಕಾಲು ಸಡಲ ಬಿಡ್ರಿ ದೊಡ್ಡಪ್ಪಾ!"

"ಬಿಟ್ಟೇನಿ!"

"ಬಿಟ್ಟಿಲ್ಲ! ಬೆರಳು ಮಡಚೀರಿ!"

"ಅವು ನನ್ನ ಮಾತು ಕೇಳಂಗಿಲ್ಲ, ನಿನ್ನಂಗ!"

ಕೊನೆಗೆ ನಾನು ಅವರ ಕಾಲಿಗೆ ಬೆನ್ನು ತಿರುಗಿಸಿ, ತೊಡೆಸಂದಿನಲ್ಲಿ ಪಾದ ಸಿಕ್ಕಿಸಿಕೊಂಡು, ಲಾಳ ಹೊಡೆಯುವವರಂತೆ ಎಳೆದೆ. ದೊಡ್ಡವ್ವ ಬಾಗಿಲಲ್ಲಿ ನಿಂತು ನಕ್ಕೂ ನಕ್ಕೂ ಸೆರಗು ಬಾಯಿಗೆ ಹಿಡಿದಳು. ಒಟ್ಟು ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಹಾಲಿನವನು ಬಂದಿದ್ದ.

ಫೆಬ್ರವರಿ ೯, ಭಾನುವಾರ

ಪೌಡರ್ ಮುಗಿದಿತ್ತು. ಪೌಡರ್ ಇಲ್ಲದಿದ್ದರೆ ಚೀಲ ಜಾರುವುದಿಲ್ಲ. ಮನೆಯಲ್ಲಿ ಉಳಿದ ಬಿಳಿ ಪುಡಿಗಳೆಂದರೆ ಎರಡೇ, ಅಕ್ಕಿ ಹಿಟ್ಟು ಮತ್ತು ವಿಭೂತಿ. ಎರಡನೆಯದನ್ನು ಸೂಚಿಸಿದ್ದಕ್ಕೆ ದೊಡ್ಡವ್ವ ಲಟ್ಟಣಿಗೆ ಹಿಡಿದು ಹಿತ್ತಲಿನವರೆಗೆ ಬೆನ್ನಟ್ಟಿದಳು. ಮಣಿಕಟ್ಟು ನೋವಂತೆ. ಲಟ್ಟಣಿಗೆ ಎತ್ತುವಾಗ ಅದು ಎಲ್ಲಿ ಹೋಗಿತ್ತೆಂದು ವಿಚಾರಿಸಬೇಕು.

ಫೆಬ್ರವರಿ ೧೪, ಶುಕ್ರವಾರ

ಕಾಲೇಜಿನಿಂದ ಬರುತ್ತಾ ಅಂಗಡಿಗೆ ಇಣುಕಿದೆ. ಕೋಟು ಗೂಟಕ್ಕೆ ನೇತಾಡುತ್ತಿತ್ತು. ಕಿಸೆಯಿಂದ ಮೈಬಣ್ಣದ ಬಾಲವೊಂದು ಹೊರಗೆ ಚಾಚಿತ್ತು. ಎಳೆದೆ. ಇಡೀ ಚೀಲ!

ಅಂದರೆ ಮಹಾನುಭಾವರು ದಿನಾ ಬೆಳಿಗ್ಗೆ ನನ್ನ ಬೆವರಿಳಿಸಿ ಹಾಕಿಸಿಕೊಂಡು, ಅಂಗಡಿಗೆ ಬಂದು ಬಿಚ್ಚಿ, ಬರಿಗಾಲಲ್ಲಿ ಸಂಜೆಯವರೆಗೆ ನಿಂತು ಸೀರೆ ಬಿಡಿಸುತ್ತಿದ್ದಾರೆ. ಈ ಸಾಲಿನ ಉಳಿದ ಸಾಹುಕಾರರೆಲ್ಲ ಗಾದಿಗೆ ಒರಗಿ ಕೂತು ಆಳುಗಳಿಂದ ತೋರಿಸುತ್ತಾರೆ. ದೊಡ್ಡಪ್ಪ ಮಾತ್ರ ತಾವೇ ನಿಂತು ತೋರಿಸಬೇಕು. ಗಿರಾಕಿ ಎದುರು ಕೂತರೆ ಸೀರೆಗೆ ಅವಮಾನವಂತೆ.

"ಧೋತ್ರದ ಕೆಳಗ ಕಾಣತೈತಿ ಶಾಂಭವಿ" ಎಂದರು ತಗ್ಗಿದ ದನಿಯಲ್ಲಿ. "ಗುರುಶಿದ್ದ ಮುಂಜಾನಿಯಿಂದ ಇತ್ತಾಗ ನೋಡಾಕತ್ತಾನ."

"ಅವ್ರು ಬೊಂಬಿ ಮಾತಾಡ್ತತೋ ಏನಂತ ನೋಡಾಕತ್ತಾರ. ಕಾಲು ಕೊಡ್ರಿ."

ಸೀರೆ ಗಂಟುಗಳ ಹಿಂದೆ ಕೂರಿಸಿ ಮತ್ತೆ ಹಾಕಿದೆ. ಕೈದಿ ನಾನು, ಕಾವಲೂ ನಾನೇ. ನಾಳೆಯಿಂದ ಕಾಲೇಜು ಬಿಟ್ಟ ಮೇಲೆ ಇಲ್ಲೇ ಕೂರಬೇಕು. ಅಂಗಡಿಯಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ, ಅದಕ್ಕೆ.

ಫೆಬ್ರವರಿ ೧೮, ಮಂಗಳವಾರ

ಇಂದು ವಿಜ್ಞಾನಕ್ಕೆ ಹೊಸ ಕೊಡುಗೆ ಸಂದಿತು. ಚೀಲ ಒಣಗಿರಲಿಲ್ಲ. ಎರಡನೆಯದನ್ನು ಕೊಳ್ಳಲು ದೊಡ್ಡಪ್ಪನಿಗೆ ಮನಸ್ಸಿಲ್ಲ. "ಕಡೀಕ ಅದೂ ಬಟ್ಟೀನ ಹೌದಲ್ಲೋ" ಎಂದು, ನಮ್ಮ ಟೇಲರ್ ಗುಲಾಬಸಾಬರಿಂದ ಲೆಗ್ಗಿಂಗ್ ಬಟ್ಟೆಯಲ್ಲಿ ಒಂದು ಹೊಲಿಸಿಕೊಂಡು ಬಂದಿದ್ದಾರೆ. ಅದೂ ಕರಿಯ ಬಣ್ಣದ್ದು, ಮರ್ಯಾದಸ್ಥರದ್ದು.

ಗುಲಾಬಸಾಬ್ ಕೇಳಿದರಂತೆ, "ಬಿಗಿ ಎಲ್ಲಿ ಇಡ್ಲಿ ಸಾವಕಾರ್ರ?"

"ಮ್ಯಾಲ ಗಟ್ಟಿ ಹಿಡಿ, ಜಾರಬಾರದು. ಕೆಳಗ ಢೀಲಾ ಬಿಡು, ಗಾಯಕ್ಕ ಗಾಳಿ ಆಡ್ಲಿ."

ಚೀಲವಲ್ಲ, ಚಲಿಸುವ ದಿಂಬಿನ ಗವಸು! ಮೊಣಕಾಲ ಕೆಳಗೆ ಎರಡು ಸುತ್ತು ಇಲಾಸ್ಟಿಕ್. ದೊಡ್ಡಪ್ಪ ಅದರಲ್ಲಿ ಕಾಲಿಟ್ಟು ಸೇನಾಪತಿಯಂತೆ ನಿಂತರು. ನಾನು ಹೊಟ್ಟೆ ಹಿಡಿದು ನಕ್ಕು ಫೋಟೋ ತೆಗೆದೆ. ಗೆಳತಿಯರ ಗ್ರೂಪಿಗೆ ಹಾಕಬೇಕು. ಆಣೆ ಇರುವುದು ಡಾಕ್ಟರ ಚೀಲದ ಬಗ್ಗೆ. ಗುಲಾಬಸಾಬರ ಚೀಲ ಅದರ ವ್ಯಾಪ್ತಿಗೆ ಬರುವುದಿಲ್ಲ.

ಫೆಬ್ರವರಿ ೧೯, ಬುಧವಾರ

ನಿನ್ನೆ ಸಂಜೆ ದೊಡ್ಡಪ್ಪನ ಕಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಪಾದ ಉಬ್ಬಿ ಹೊಳೆಯುತ್ತಿತ್ತು. ಇಲಾಸ್ಟಿಕ್ ಇದ್ದಲ್ಲಿ ಹಗ್ಗ ಬಿಗಿದಂಥ ಗೆರೆ. ಗಾಯದ ಅಂಚು ಹರಿದು ದೊಡ್ಡದಾಗಿದೆ.

ಡಾಕ್ಟರು ಆ ಗೆರೆಯ ಮೇಲೆ ಬೆರಳೆಳೆದು ನೋಡಿದರು. ಆಮೇಲೆ ಹೇಳಿದರು, "ಕಾಕಾ, ನೀವು ಮೋಟರ್ ಹಚ್ಚಿ ಮ್ಯಾಲ ಡ್ಯಾಮ್ ಕಟ್ಟೀರಿ."

ದೊಡ್ಡಪ್ಪ ತಲೆ ತಗ್ಗಿಸಿ ಕೂತಿದ್ದರು. ಬೈಸಿಕೊಂಡ ಹುಡುಗರು ಹಾಗೆ ಕೂರುತ್ತಾರೆ.

ಫೆಬ್ರವರಿ ೨೦, ಗುರುವಾರ

ಫೋಟೋ ಅಳಿಸಿದೆ. ಫೋನಿನಲ್ಲಿ ಜಾಗವಿರಲಿಲ್ಲ.

ಇನ್ನೊಂದು ಚೀಲ ಕೊಂಡು ತಂದೆವು.

ಫೆಬ್ರವರಿ ೨೪, ಸೋಮವಾರ

ದೊಡ್ಡಪ್ಪ ಈಗ ಚೀಲ ಬಿಚ್ಚುವುದಿಲ್ಲ. ಧೋತ್ರವನ್ನು ನಾಲ್ಕು ಬೆರಳು ಇಳಿಸಿ ಉಡುತ್ತಾರೆ, ಅಷ್ಟೇ. ಇದರಿಂದ ದುರ್ಗದಬೈಲಿನ ಅರ್ಧ ರಸ್ತೆಯನ್ನು ನಗರಪಾಲಿಕೆಯ ಸಹಾಯವಿಲ್ಲದೆ ಗುಡಿಸಿದಂತಾಗುತ್ತದೆ.

ಆದರೆ ಕಾಲಿಗೆ ಬೀಳುವವರಿಂದ ಯಾವ ಧೋತ್ರ ಕಾಪಾಡೀತು? ಮದುವೆಯ ಜವಳಿ ತೆಗೆಯಲು ಬಂದವರೆಲ್ಲ ಮೊದಲ ಸೀರೆಯನ್ನು ದೊಡ್ಡಪ್ಪನ ಕೈಯಿಂದಲೇ ಮದುಮಗಳ ಉಡಿಗೆ ಹಾಕಿಸುತ್ತಾರೆ, ಅವಳು ಅವರ ಪಾದ ಮುಟ್ಟಿ ನಮಸ್ಕರಿಸುತ್ತಾಳೆ. ಅಜ್ಜನ ಕಾಲದಿಂದ ಬಂದ ಪದ್ಧತಿ. ಇಂದು ಬಂದ ಹುಡುಗಿ ಬಾಗಿದ್ದೇ ತಡ, ದೊಡ್ಡಪ್ಪ ಬಿಸಿ ಹಂಚು ತುಳಿದವರಂತೆ ಹಿಂದಕ್ಕೆ ಹಾರಿದರು. ಹುಡುಗಿ ಮುಂದೆ ಬಂದಳು. ಇವರು ಮತ್ತೆ ಹಿಂದೆ. ಹೀಗೆ ಇಬ್ಬರೂ ಗೋಡೆಯವರೆಗೆ ಹೋದರು.

"ಯಾಕ್ರಿ ಸಾವಕಾರ್ರ?" ಎಂದು ಹುಡುಗಿಯ ತಂದೆ ಹುಬ್ಬು ಗಂಟಿಕ್ಕಿದ.

ದೊಡ್ಡಪ್ಪನ ಬಾಯಿ ತೆರೆಯಿತು, ಮಾತು ಬರಲಿಲ್ಲ. ನನ್ನ ಬಾಯಿ ತೆರೆಯಿತು, ಮಾತು ಬಂದೇಬಿಟ್ಟಿತು.

"ದೊಡ್ಡಪ್ಪ ವ್ರತ ಹಿಡದಾರ್ರಿ. ಯಾರ ಕಡೆಯಿಂದಾನೂ ಕಾಲು ಮುಟ್ಟಿಸ್ಕೊಳ್ಳಂಗಿಲ್ಲ. ಎಲ್ಲಾರೂ ಸಮಾನ, ಬಾಗೋರ್ಯಾರು, ಬಾಗಿಸ್ಕೊಳ್ಳೋರ್ಯಾರು ಅಂತ ಅವರ ವಿಚಾರ."

ಇಷ್ಟು ಗಂಭೀರವಾಗಿ ನಾನು ಪರೀಕ್ಷೆಯಲ್ಲೂ ಸುಳ್ಳು ಬರೆದಿಲ್ಲ. ಆ ಮನುಷ್ಯನ ಕಣ್ಣು ತೇವವಾಯಿತು. ನಿಂತಲ್ಲೇ ಕೈ ಮುಗಿದ. ಚೌಕಾಶಿ ಮಾಡದೆ ಹೋದ.

ಮಾರ್ಚ್ ೩, ಸೋಮವಾರ

ವ್ರತ ನನ್ನ ಕೈ ಮೀರಿದೆ. ಜನ ಸೀರೆ ಬೇಡದಿದ್ದರೂ ಬಂದು ದೊಡ್ಡಪ್ಪನನ್ನು ನೋಡಿ ಹೋಗುತ್ತಿದ್ದಾರೆ. "ಈ ಕಾಲದಾಗ ಇಂಥಾ ಮನಿಶ್ಯಾ!" ಎಂದು ಮುದುಕರೊಬ್ಬರು ಅವರನ್ನೇ ಅಪ್ಪಿಕೊಂಡರು. ಕೆಳಕ್ಕೆ ಹೋಗದಿದ್ದರೆ ಸಾಕು, ಎಷ್ಟಾದರೂ ಅಪ್ಪಿಕೊಳ್ಳಲಿ.

ಸೋಜಿಗವೆಂದರೆ ದೊಡ್ಡಪ್ಪನೇ ಅದನ್ನು ನಂಬತೊಡಗಿದ್ದಾರೆ. ನಿನ್ನೆ ಗಿರಾಕಿಯೊಬ್ಬರಿಗೆ ಸಮಾನತೆಯ ಬಗ್ಗೆ ಅರ್ಧ ತಾಸು ಭಾಷಣ ಮಾಡಿದರು. ಚಹಾ ತರುವ ಹುಡುಗನಿಗೆ "ಬರ್ರಿ, ಕುಂದರ್ರಿ" ಎಂದರು. ಆತ ಹೆದರಿ ಚಹಾ ಅಲ್ಲೇ ಇಟ್ಟು ಓಡಿದ.

ಗುರುಶಿದ್ದಪ್ಪ ಕಾಕಾ ಸುಮ್ಮನಿರುತ್ತಾರೆಯೇ? ಅವರು ಇವರಿಗಿಂತ ದೊಡ್ಡ ವ್ರತ ಹಿಡಿದಿದ್ದಾರೆ. ಅಂಗಡಿಗೆ ಯಾರೇ ಬಂದರೂ, ಕಂಕುಳಲ್ಲಿನ ಕೂಸಾದರೂ ಸರಿ, ಗಾದಿಯಿಂದ ಎದ್ದು ನಿಂತು ಕೈ ಮುಗಿಯುತ್ತಾರೆ. ಎದ್ದು ಕೂತು ಎದ್ದು ಕೂತು ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡು ಹೋಗುತ್ತಾರೆ.

ಮಾರ್ಚ್ ೧೧, ಮಂಗಳವಾರ

ಗಾಯ ಈಗ ಅವರೆಕಾಳಿನಷ್ಟು. ಮಡುಗಟ್ಟಿದ ಕಪ್ಪು ತಿಳಿಯಾಗಿದೆ. ಇಂದು ಹಾಕುವಾಗ ಒಂದು ಸುಕ್ಕೂ ಬೀಳಲಿಲ್ಲ, ಪೂಜೆ ಮುಗಿಸಿ ಮಲಗಿದಲ್ಲೇ ನಿದ್ದೆಹೋಗಿದ್ದ ದೊಡ್ಡಪ್ಪನಿಗೆ ಎಚ್ಚರವೂ ಆಗಲಿಲ್ಲ. ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗುವ ಕಾಯಿಲೆ ನನಗೆ ಬಂದಿದೆ, ಡಾಕ್ಟರಿಗೆ ಹೇಳಬೇಕು.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ ಮೋಟರ್ ಓಡಿಸಬೇಕು. "ದೊಡ್ಡಪ್ಪಾ, ಮೋಟರ್!" ಎಂದರೆ ಸಾಕು, ಕಪಾಟು ಹಿಡಿದು ಶುರು ಮಾಡುತ್ತಾರೆ. ಎದುರಿನಿಂದ ನೋಡಿದವರಿಗೆ ಗೋಡೆಯಾಚೆ ಇಣುಕಿದಂತೆ ಕಾಣುತ್ತದಂತೆ. ಗುರುಶಿದ್ದಪ್ಪ ಕಾಕಾ ಎರಡು ಸಲ ಗೋಡೆಯಾಚೆ ಹೋಗಿ ನೋಡಿ ಬಂದರು.

ಮಾರ್ಚ್ ೨೨, ಶನಿವಾರ

ಇಂದಿನದನ್ನು ವಿವರವಾಗಿ ಬರೆಯಬೇಕು.

ಮಧ್ಯಾಹ್ನ ಹೆಬ್ಬಳ್ಳಿಯಿಂದ ಹುಲಿಗೆವ್ವಜ್ಜಿ ಬಂದಳು, ಮೊಮ್ಮಗಳು ಲಕ್ಷ್ಮೀಯ ಮದುವೆ ಜವಳಿಗೆ. ಹುಲಿಗೆವ್ವಳ ಮದುವೆಯ ಸೀರೆ ನಮ್ಮ ಅಜ್ಜ ಕೊಟ್ಟದ್ದು, ಅವಳ ಮಗಳದ್ದು ದೊಡ್ಡಪ್ಪ. ಬಾಯಿ ಎಂದರೆ ಬಾಯಿ. ದೊಡ್ಡಪ್ಪ ಹೆದರುವುದು ಇಬ್ಬರಿಗೆ ಮಾತ್ರ, ಇನ್ಕಂ ಟ್ಯಾಕ್ಸಿನವರಿಗೆ ಮತ್ತು ಇವಳಿಗೆ.

ಸೀರೆ ಆಯ್ದದ್ದಾಯಿತು, ಹಸಿರು ಇಳಕಲ್. ದೊಡ್ಡಪ್ಪ ಲಕ್ಷ್ಮೀಯ ಉಡಿಗೆ ಹಾಕಿದರು. ಅವಳು ಬಾಗಿದಳು. ಇವರು ಹಾರಿದರು. ನಾನು ವ್ರತದ ಪಾಠ ಒಪ್ಪಿಸಿದೆ.

ಹುಲಿಗೆವ್ವ ಪೂರ್ತಿ ಕೇಳಿದಳು. ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು.

"ಸಮಾನ ಅಂತ. ಹೌದ್ರಿ ಸಾವಕಾರ್ರ?"

"ಹೌದವಾ."

"ನಾ ಮದಿವಿ ಆದಾಗ ನಿಮ್ಮಪ್ಪಗ ನಮಸ್ಕಾರ ಮಾಡೇನಿ. ನನ್ನ ಮಗಳು ನಿಮಗ ಮಾಡ್ಯಾಳ. ಆವಾಗೆಲ್ಲ ಸಮಾನ ಇರಲಿಲ್ಲೇನು? ಈ ತಂದಿ ಇಲ್ಲದ ಕೂಸು ಬಾಗಿದ ಕೂಡ್ಲೇ ಸಮಾನ ಬಂತೇನು? ಇದರ ನಮಸ್ಕಾರ ನಿಮಗ ಭಾರ ಆತೇನ್ರಿ?"

"ಹಂಗಲ್ಲವಾ..."

"ಹಂಗ ಐತಿ! ಏಳ ಲಕ್ಷ್ಮೀ. ಎದುರಿನ ಸಾವಕಾರ ಕೂಸು ಕಂಡ್ರೂ ಎದ್ದು ನಿಲ್ಲತಾನಂತ. ಅಲ್ಲೇ ಜವಳಿ ತಗೊಳ್ಳೂಣು."

ಸೀರೆ ಮತ್ತೆ ಗಾದಿಯ ಮೇಲೆ ಬಿತ್ತು. ಲಕ್ಷ್ಮೀಯ ಕಣ್ಣು ತುಂಬಿತ್ತು. ಸದ್ದು ಕೇಳಿ ಗುರುಶಿದ್ದಪ್ಪ ಕಾಕಾ ರಸ್ತೆ ದಾಟಿ ಬಂದು ಮೆಟ್ಟಿಲ ಮೇಲೆ ನಿಂತಿದ್ದರು, ಕೈ ಆಗಲೇ ಮುಗಿದಿತ್ತು.

ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಸಿಗಲಿಲ್ಲ. ದೊಡ್ಡಪ್ಪ ಗುರುಶಿದ್ದಪ್ಪ ಕಾಕಾನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಆಮೇಲೆ ಧೋತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲವರೆಗೆ ಎತ್ತಿದರು.

"ಬಾರವಾ. ಮಾಡು ನಮಸ್ಕಾರ."

ಮೈಬಣ್ಣದ ಚೀಲ ಟ್ಯೂಬ್‌ಲೈಟಿನಲ್ಲಿ ಹೊಳೆಯಿತು. ಲಕ್ಷ್ಮೀ ಬಾಗಿ ಪಾದ ಮುಟ್ಟಿ, ಬೆರಳು ಹಿಂದಕ್ಕೆಳೆದಳು. ಹುಲಿಗೆವ್ವ ಬಗ್ಗಿ ಕಣ್ಣು ಕಿರಿದು ಮಾಡಿದಳು.

"ಯವ್ವಾ! ಇದೇನ್ರಿ, ಹೆಂಗಸರ ಕಾಲಚೀಲ!"

"ಕಾಲಿಗೆ ಗಂಡು ಹೆಣ್ಣು ಇಲ್ಲವಾ" ಎಂದರು ದೊಡ್ಡಪ್ಪ. ಧೋತ್ರ ಕೆಳಗೆ ಬಿಡಲಿಲ್ಲ. "ನಿಂತು ನಿಂತು ನರ ಕೆಟ್ಟಾವ. ಗಾಯ ಆಗೇತಿ. ವ್ರತ ಇಲ್ಲ, ಗಿತ ಇಲ್ಲ. ನಾಚಿಕಿ, ಅಷ್ಟ." ಎಂದು ಸಂಪು, ಟಾಕಿ, ಮೋಟರು, ವಾಲ್ವು, ಎಲ್ಲ ಹೇಳಿದರು. ಗುಲಾಬಸಾಬರ ಡ್ಯಾಮನ್ನೂ ಬಿಡಲಿಲ್ಲ.

ಈಗ ನಗುತ್ತಾರೆ ಎಂದು ನಾನು ಮೆಟ್ಟಿಲ ಕಡೆ ನೋಡಿದೆ. ಗುರುಶಿದ್ದಪ್ಪ ಕಾಕಾ ಒಂದು ಹಲ್ಲು ಬಿಟ್ಟಿದ್ದರೂ ಎಡವಿದಂತೆ ನಟಿಸಿ ನೀರಿನ ಚರಿಗೆ ಅವರ ಮೇಲೆ ಸುರಿಯಲು ಸಿದ್ಧಳಾಗಿದ್ದೆ. ಅವರು ನಗಲಿಲ್ಲ. ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು.

ಹುಲಿಗೆವ್ವ ಎಲೆಅಡಿಕೆ ಉಗುಳಿ ಬಂದಳು. ಗಾದಿಯ ಅಂಚಿಗೆ ಕೂತು ಸೀರೆಯ ನಿರಿಗೆಯನ್ನು ಗೇಣಿನಷ್ಟು ಮೇಲೆ ಸರಿಸಿದಳು. ಕಾಲಗಂಟಿಗೆ ಹಳೆ ಅರಿವೆ ಸುತ್ತಿತ್ತು, ಅರಿಸಿನದ ಕಲೆ.

"ಲಕ್ಷ್ಮೀ ಸಾಲಿಗೆ ಹೋಗೂವಾಗಿಂದ ಐತಿ. ಮಾಟ ಮಾಡಿಸ್ಯಾರಂತ ತಿಳಕೊಂಡಿದ್ದೆ. ವಾಲ್ವೇನ್ರಿ ಇದು?"

ಆಗ ದೊಡ್ಡಪ್ಪ ಮಾಡಿದ್ದನ್ನು ದುರ್ಗದಬೈಲು ಹಿಂದೆ ಕಂಡಿರಲಾರದು. ಗಿರಾಕಿಯ ಎದುರು ಎಂದೂ ಕೂರದ ಮನುಷ್ಯ ನೆಲದ ಮೇಲೆ ಕೂತರು. ಅವಳ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಕೊರಳಿನ ಅಳತೆ ಪಟ್ಟಿ ತೆಗೆದರು.

"ಅಯ್ಯಯ್ಯ, ಬಿಡ್ರಿ ಸಾವಕಾರ್ರ, ಕಾಲು ಮುಟ್ಟಬ್ಯಾಡ್ರಿ! ನಿಮ್ಮ ವ್ರತ!"

"ನನ್ನ ವ್ರತ ಮುಟ್ಟಿಸ್ಕೊಳ್ಳಬಾರದು ಅಂತವಾ. ಮುಟ್ಟಬಾರದು ಅಂತ ಯಾರು ಹೇಳ್ಯಾರ?"

ಹುಲಿಗೆವ್ವಳ ನಗು ಮೂರು ಅಂಗಡಿಗೆ ಕೇಳಿಸಿತು.

ನಾನು ಅಡ್ಡ ಹೋಗಲೇಬೇಕಾಯಿತು. "ದೊಡ್ಡಪ್ಪಾ, ಸಂಜಿಮುಂದ ಅಳತಿ ತಗೊಂಡ್ರ ಬಾವು ಸೇರಿ ತಪ್ಪು ಬರತೈತಿ. ಮುಂಜಾನೆ ತಗೋಬೇಕು. ಅದಕ್ಕೂ ಮೊದಲ ಡಾಕ್ಟರು ಪಾದದಾಗ ರಕ್ತ ಇಳೀತೈತೋ ಇಲ್ಲೋ ನೋಡಬೇಕು. ಸುಮ್ಮ ಸುಮ್ಮನ ಹಾಕೂದಲ್ಲ."

"ದವಾಖಾನಿಗೆ ನಾ ಒಲ್ಲೆ" ಎಂದಳು ಹುಲಿಗೆವ್ವ. ಹುಲಿ ಗುರ್ ಅಂದಂತೆ.

"ನಾ ಇರ್ತೇನಲ್ಲಜ್ಜಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಬಂದ್ರ ನೋಡೂಣು."

ಎಲ್ಲ ಹೋದ ಮೇಲೆ ಗುರುಶಿದ್ದಪ್ಪ ಕಾಕಾ ಹಿಂಬಾಗಿಲಿನಿಂದ ಬಂದು ಕೇಳಿದರು. "ದ್ಯಾಮಣ್ಣಾ, ಆ ಚೀಲ ಕರಿ ಬಣ್ಣದಾಗ ಸಿಗತೈತೇನು?"

ಮಾರ್ಚ್ ೨೪, ಸೋಮವಾರ

ಡಾಕ್ಟರು ಪೆನ್ನಿನ ಯಂತ್ರ ಪಾದಕ್ಕಿಟ್ಟರು. ಶ್ಶೂ, ಶ್ಶೂ, ಶ್ಶೂ. ಹುಲಿಗೆವ್ವ ನನ್ನ ಕೈಯನ್ನು ರೊಟ್ಟಿ ಹಿಟ್ಟಿನಂತೆ ಹಿಸುಕುತ್ತಿದ್ದಳು.

"ಅದು ಯಾರು ಒದರಾಕತ್ತಾರ?"

"ನಿಮ್ಮ ರಕ್ತ ಅಜ್ಜಿ. ಛಲೋ ಇಳ್ಯಾಕತ್ತದ. ಚೀಲ ಹಾಕಬಹುದು."

"ಹತ್ತು ವರ್ಸದಿಂದ ಒದರಿರಬೇಕು. ನಾ ಕೇಳಿಸ್ಕೊಂಡಿಲ್ಲ" ಎಂದಳು. ಆಟೋ ಹತ್ತುವವರೆಗೆ ನನ್ನ ಕೈ ಬಿಡಲಿಲ್ಲ.

ಮಾರ್ಚ್ ೨೯, ಶನಿವಾರ

ನಾಳೆ ಯುಗಾದಿ. ಇಂದು ಡಾಕ್ಟರು ದೊಡ್ಡಪ್ಪನ ಪಟ್ಟಿ ಬಿಚ್ಚಿ, ಮತ್ತೆ ಕಟ್ಟಲಿಲ್ಲ. ಈರುಳ್ಳಿಯ ಒಳಸಿಪ್ಪೆಯಂಥ ತೆಳುವಾದ ಹೊಸ ಚರ್ಮ. ಗಾಯ ಮುಚ್ಚಿದೆ. ಚೀಲ ಮಾತ್ರ ಆಯುಷ್ಯವಿರುವವರೆಗೆ ಹಾಕಬೇಕು, ಇಲ್ಲದಿದ್ದರೆ ಮತ್ತೆ ಒಡೆಯುತ್ತದೆ.

ದೊಡ್ಡಪ್ಪ ದವಾಖಾನೆಯಿಂದ ನಡೆದೇ ಬಂದರು. ಮೋಟರ್ ಓಡಬೇಕಂತೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಧೋತ್ರ ಎತ್ತಿ ತೋರಿಸಿದರು. ಇವರನ್ನು ಇನ್ನು ಯಾವ ಆಣೆ ತಡೆದೀತು?

ಏಪ್ರಿಲ್ ೩, ಗುರುವಾರ

ಹೆಬ್ಬಳ್ಳಿಯಲ್ಲಿ ಬರೆಯುತ್ತಿದ್ದೇನೆ, ಬಸ್ಸಿಗೆ ಕಾಯುತ್ತಾ. ದೊಡ್ಡಪ್ಪನ ಕಾಲು ಮುಗಿಸಿಯೇ ಮೊದಲ ಬಸ್ಸು ಹಿಡಿದೆ. ಹುಲಿಗೆವ್ವಳ ಚೀಲ ನಿನ್ನೆ ಬಂದಿದೆ. ಮೊದಲ ದಿನ ಹಾಕಲು ಬರಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ಅವಳ ಮಗ ಕಲ್ಲೇಶಣ್ಣ ಗೋವಿನಜೋಳದ ಚೀಲ ಒಂದೇ ಕೈಯಲ್ಲಿ ಎತ್ತುವ ಆಳು. ಅಂಥವರು ಇದನ್ನು ಹರಿದೇ ಬಿಡುತ್ತಾರೆ.

ಅಜ್ಜಿ ಕಾಲು ಚಾಚಿ ಮಲಗಿದ್ದಳು. ಕಲ್ಲೇಶಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಟ್ಟೆ. ಒಳಗು ಹೊರಗು ಮಾಡು, ಪಾದ ತೂರಿಸು, ಎಳೆಯಬೇಡ, ಏರಿಸು. ನೋಡಿಯೇ ಅವನಿಗೆ ಬೆವರು ಬಂತು. ನಾನು ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿ ಕೂರಿಸುತ್ತಿದ್ದೆ. ಒಡೆದ ಹಿಮ್ಮಡಿ, ಒಳಗೆ ಹೊಲದ ಎರೆಮಣ್ಣು ಇನ್ನೂ ಇತ್ತು. ತಲೆಯ ಮೇಲೆ ಏನೋ ಭಾರ ಕೂತಂತಾಯಿತು. ಅವಳ ಅಂಗೈ.

"ಏ ತಂಗಿ, ನೀ ನಮಸ್ಕಾರ ಮಾಡಾಕತ್ತೀಯೋ, ಚೀಲ ಹಾಕಾಕತ್ತೀಯೋ?"

"ಚೀಲ ಹಾಕಾಕತ್ತೇನ್ರಿ ಅಜ್ಜಿ."

"ಅಯ್ಯ, ನಾ ಆಶೀರ್ವಾದ ಮಾಡಿಬಿಟ್ನಲ್ಲವಾ!"

"ಇರ್ಲಿ ಬಿಡ್ರಿ. ಮಾರಿದ ಮಾಲು ನಾವು ವಾಪಸ್ ತಗೋತೇವಿ, ನಮಗ ಕೊಟ್ಟಿದ್ದು ವಾಪಸ್ ಕೊಡಂಗಿಲ್ಲ."

ಅವಳು ನಕ್ಕಳು. ನಾನು ತಲೆ ಎತ್ತಲಿಲ್ಲ. ಹಿಮ್ಮಡಿ ಇನ್ನೂ ಸರಿಯಾಗಿ ಕೂತಿರಲಿಲ್ಲ.